ಹಣ್ಣಡಿಕೆ ಬಣ್ಣದ ಕಾಲೊನಿ

ಥರ್ಮೋಕೋಲ್ ಪೆಟ್ಟಿಗೆಯೊಳಗೆ ಐಸ್ ಪ್ಯಾಕ್‌ಗಳ ನಡುವೆ ಹುದುಗಿ ನನ್ನ ಕೈಸೇರಿದ್ದು ನಲವತ್ತು ಗ್ರಾಂ ಮಣ್ಣು. ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ಅಲ್ಲಿಗೆ ಹೋಗಿಬಂದ ಗೆಳತಿ ತನ್ನ ಕೆಲಸಕ್ಕೆ ಬಳಸಿ ಉಳಿದದ್ದನ್ನು ನನಗೆ ಕೊಟ್ಟಿದ್ದಳು. ತೀರ್ಥಹಳ್ಳಿಯ ಮನೆಯಲ್ಲಿ ಈ ಸಂಗತಿ ಹೇಳಿದಾಗ, ಬೋರ್ಡೋ ದ್ರಾವಣಕ್ಕೆ ಸುಣ್ಣ ಕದಡುತ್ತಿದ್ದ ಅಪ್ಪಯ್ಯ ತಲೆಯೆತ್ತಿ, “ನಮ್ಮ ತೋಟದ ಮಣ್ಣಿನಲ್ಲಿ ಇಲ್ಲದ್ದು ಅಲ್ಲೇನಿದೆ ಮಾರಾಯ್ತಿ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ತೋಟದ ಮಣ್ಣಿನ ಬ್ಯಾಕ್ಟೀರಿಯಾಗಳಿಗೂ ಹೆಸರಿಟ್ಟು ಮುಗಿದಿಲ್ಲ. ಆದರೆ ನನಗೆ ಬೇಕಾಗಿದ್ದವು ಚಳಿಯಲ್ಲೇ ಬಾಳುವೆ ಮಾಡುವವು.

ಒಂದು ಗ್ರಾಂ ಮಣ್ಣನ್ನು ಒಂಬತ್ತು ಮಿಲಿ ಲವಣದ ನೀರಿನಲ್ಲಿ ಕಲಕಿ, ಹತ್ತು ಹತ್ತು ಪಟ್ಟು ತಿಳಿಯಾಗಿಸುತ್ತ ಹೋಗಿ, ಆರ್2ಎ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಲೆಂದು ಗಟ್ಟಿಗೊಳಿಸಿದ ಆಹಾರ, ತುಂಬಿದ ತಟ್ಟೆಗಳ ಮೇಲೆ ಹರಡಿದೆ. ಕುಡಿಯುವ ನೀರಿನಲ್ಲಿರುವ ಬ್ಯಾಕ್ಟೀರಿಯಾ ಎಣಿಸಲೆಂದು 1985ರಲ್ಲಿ ರೂಪಿಸಿದ ಬಡ ಆಹಾರ ಇದು. ಬರಗಾಲದಲ್ಲಿ ಬದುಕಿದವರ ಮುಂದೆ ಮದುವೆಯೂಟ ಬಡಿಸಿದರೆ ನಾಲ್ಕಾರು ಹೊಟ್ಟೆಬಾಕರೇ ಎಲೆಯನ್ನೆಲ್ಲ ಆವರಿಸಿಕೊಳ್ಳುತ್ತಾರೆ. ತಟ್ಟೆಗಳನ್ನು ಒಂದೇ ತಾಪಮಾನದಲ್ಲಿ ಕಾಯುವ ಬಿಒಡಿ ಇನ್‌ಕ್ಯುಬೇಟರನ್ನು ಹತ್ತು ಡಿಗ್ರಿಗೆ ಇಟ್ಟು ಕಾದೆ.

ಮೊದಲ ವಾರ ಬಂದದ್ದೆಲ್ಲ ನಮ್ಮ ಪ್ರಯೋಗಾಲಯವಿರುವ ಶಿವಮೊಗ್ಗದ್ದೇ! ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಅಗರ್ ತಟ್ಟೆ ಬಿಟ್ಟೀತೇ? ಮಣ್ಣು ಹಾಕದೆ ಸುಮ್ಮನೆ ಇಟ್ಟಿದ್ದ ತಟ್ಟೆಯಲ್ಲೂ ಅದೇ ಬಿಳಿ ಕಾಲೊನಿಗಳು, ಅಂದರೆ ಸೂಕ್ಷ್ಮಜೀವಿಗಳು ಗುಂಪಾಗಿ ಬೆಳೆದ ಚುಕ್ಕೆಗಳು, ಎದ್ದಿದ್ದವು. ಆ ಖಾಲಿ ತಟ್ಟೆ ಇಡದಿದ್ದರೆ ನಮ್ಮ ಕಾರಿಡಾರಿನ ಗಾಳಿಯನ್ನೇ ಆರ್ಕ್ಟಿಕ್ ಎಂದು ಬರೆದುಕೊಳ್ಳುತ್ತಿದ್ದೆ. ಎರಡನೆಯ ಸಲ ಶಿಲೀಂಧ್ರ ತಡೆಯುವ ಸೈಕ್ಲೋಹೆಕ್ಸಿಮೈಡ್ ಬೆರೆಸಿದೆ. ಹತ್ತೊಂಬತ್ತನೆಯ ದಿನ, ಸಾಸಿವೆಗಿಂತ ಚಿಕ್ಕದಾದ ಒಂದು ಕಾಲೊನಿ ಕಾಣಿಸಿತು. ಹಣ್ಣಡಿಕೆಯ ಬಣ್ಣ, ಮೇಲೆ ಹೊಳಪು. ಲೂಪ್ ಎಂಬ ತಂತಿಯ ಕುಣಿಕೆ ತಾಗಿಸಿ ಎತ್ತಿದರೆ ಲೋಳೆಯ ಎಳೆ ಜಗ್ಗುತ್ತ ಬಂತು.

ಅದನ್ನು ಹೊಸ ತಟ್ಟೆಗಳ ಮೇಲೆ ನಾಲ್ಕು ಬಾರಿ ಗೀಚಿ ಶುದ್ಧಗೊಳಿಸುವಷ್ಟರಲ್ಲಿ ಆಷಾಢದ ಮಳೆ ಹಿಡಿಯಿತು. ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಒಂದು ರಾತ್ರಿಗೆ ಯುಪಿಎಸ್ ಸಾಕಾಯಿತು, ಎರಡನೆಯದಕ್ಕೆ ಆಗಲಿಲ್ಲ. ಮೀನು ಮಾರುಕಟ್ಟೆಯಿಂದ ಎರಡು ಚೀಲ ಐಸ್ ತಂದು, ಉಪ್ಪು ಬೆರೆಸಿ, ಬ್ಯಾಕ್ಟೀರಿಯಾವನ್ನು ಗ್ಲಿಸರಾಲ್‌ನಲ್ಲಿ ಕಾದಿಟ್ಟಿದ್ದ ಸೀಸೆಗಳನ್ನು ಅದರಲ್ಲಿ ಹೂತೆ. ತಟ್ಟೆಗಳಿಗೆ ಜಾಗ ಸಾಲಲಿಲ್ಲ. ಬಿಒಡಿಯೊಳಗಿನ ತಾಪಮಾನ ಇಪ್ಪತ್ನಾಲ್ಕು ಡಿಗ್ರಿಗೆ ಏರಿತು. ಬಾಗಿಲು ತೆರೆದು ನೋಡಿದರೆ ಹಲವು ತಟ್ಟೆಗಳು ಹಬ್ಬ ಮಾಡಿದ್ದವು. ಅವು ಚಳಿಯನ್ನು ಸಹಿಸಿಕೊಂಡಿದ್ದವೇ ಹೊರತು ಬಯಸಿದವಲ್ಲ. ಧ್ರುವದ ಮಣ್ಣಿನಿಂದ ಬಂದದ್ದೆಲ್ಲ ಶೀತಪ್ರಿಯವಲ್ಲ. ಹದಿನೈದು ಡಿಗ್ರಿಯ ಒಳಗೆ ಚೆನ್ನಾಗಿ ಬೆಳೆದು, ಇಪ್ಪತ್ತು ದಾಟಿದರೆ ನಿಂತುಬಿಡುವುದಕ್ಕೆ ಮಾತ್ರ ಆ ಹೆಸರು. ನನ್ನ ಹಣ್ಣಡಿಕೆ ಕಾಲೊನಿ ಪೂರ್ತಿ ನಿಂತುಬಿಟ್ಟಿತ್ತು. ಸೀಸೆಯಿಂದ ಮತ್ತೆ ಎಬ್ಬಿಸಬೇಕಾಯಿತು.

ಬ್ಯಾಕ್ಟೀರಿಯಾದ ಗುರುತು ಹಿಡಿಯುವಾಗ ಮೊದಲು ನೋಡುವುದು 16ಎಸ್ ಆರ್‌ಆರ್‌ಎನ್‌ಎ ಜೀನನ್ನು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಈ ಜೀನ್ ಡಿಎನ್‌ಎಯ ಸುಮಾರು 1,500 ಅಕ್ಷರಗಳಷ್ಟು ಉದ್ದ. ತಿಳಿದಿರುವ ಪ್ರಭೇದಗಳೊಂದಿಗೆ ಹೋಲಿಸಿದಾಗ ಸಾಮ್ಯ 98.7 ಶೇಕಡಾಕ್ಕಿಂತ ಕಡಿಮೆಯಿದ್ದರೆ ಹೊಸತಾಗಿರುವ ಸಾಧ್ಯತೆ ಬಲವಾಗುತ್ತದೆ. ಇದಕ್ಕೂ ಮುಂಚೆ ಹಳದಿ ಬಣ್ಣದ ಇನ್ನೊಂದಕ್ಕೆ 97.1 ಬಂದಾಗ ಇಡೀ ವಿಭಾಗಕ್ಕೆ ಜಿಲೇಬಿ ಹಂಚಿದ್ದೆ. ಯಂತ್ರ ತಡವರಿಸಿ ಓದಿದ್ದ ಎರಡೂ ತುದಿಗಳ ಅಕ್ಷರಗಳನ್ನು ನಾನು ಕತ್ತರಿಸಿರಲಿಲ್ಲ. ಕತ್ತರಿಸಿದ ಮೇಲೆ 99.6. ಈಗಾಗಲೇ ಹೆಸರಿರುವ ಫ್ಲೇವೋಬ್ಯಾಕ್ಟೀರಿಯಂ ಅದು. ಜಿಲೇಬಿ ತಿಂದವರು ಇಂದಿಗೂ ನೆನಪಿಸುತ್ತಾರೆ. ಹಾಗಾಗಿ ಹಣ್ಣಡಿಕೆ ಬಣ್ಣದ್ದಕ್ಕೆ 97.6 ಬಂದಾಗ ಯಾರಿಗೂ ಹೇಳದೆ, ಎರಡು ಸಲ ಹೊಸದಾಗಿ ಡಿಎನ್‌ಎ ತೆಗೆದು ಓದಿಸಿದೆ. ಅಂಕಿ ಕದಲಲಿಲ್ಲ. ಹೈಮೆನೋಬ್ಯಾಕ್ಟರ್ ಕುಲ. 1998ರಲ್ಲಿ ಈ ಕುಲಕ್ಕೆ ಹೆಸರಿಟ್ಟಿದ್ದೇ ಅಂಟಾರ್ಕ್ಟಿಕಾದ ಮಣ್ಣು, ಮರಳುಗಲ್ಲುಗಳಿಂದ ಬಂದ, ಗುಲಾಬಿ ಬಣ್ಣದ ಲೋಳೆಯಂಥ ಬ್ಯಾಕ್ಟೀರಿಯಾ ಸಿಕ್ಕಾಗ.

ಮುಂದಿನದು ಲೆಕ್ಕಪತ್ರದ ಕೆಲಸ. ಇಡೀ ಜೀನೋಮ್, ಅಂದರೆ ಜೀವಿಯ ಎಲ್ಲ ಡಿಎನ್‌ಎ, ಓದಿಸಿ ಹತ್ತಿರದ ಬಂಧುಗಳೊಂದಿಗೆ ಹೋಲಿಸಬೇಕು. ಸರಾಸರಿ ಸಾಮ್ಯ 95–96 ಶೇಕಡಾಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ. ನನ್ನದು ಬಹಳ ಕೆಳಗಿತ್ತು. ಬಂಧುಗಳ ಮೂಲ ತಳಿಗಳನ್ನು, ಅಂದರೆ ಆ ಪ್ರಭೇದಗಳ ಹೆಸರಿಗೆ ಆಧಾರವಾದ ಮಾದರಿಗಳನ್ನು, ತರಿಸಿ ಅದೇ ತಟ್ಟೆ, ಅದೇ ತಾಪಮಾನದಲ್ಲಿ ಪಕ್ಕಪಕ್ಕ ಬೆಳೆಸಿ ಕೊಬ್ಬಿನಾಮ್ಲಗಳನ್ನು ಅಳೆಯಬೇಕು. ಒಂದು ವರ್ಷ ಅದಕ್ಕೇ ಹೋಯಿತು. ಹೆಸರಿಗೆ ವಿದ್ಯಾರ್ಥಿಯೊಬ್ಬ “ಮಲ್ನಾಡೆನ್ಸಿಸ್” ಸೂಚಿಸಿದ. ಕಿವಿಗೆ ಇಂಪಾಗಿತ್ತು. ಆದರೆ ಮಲೆನಾಡನ್ನು ಕಂಡೇ ಇರದ, ಇಲ್ಲಿನ ಸೆಕೆಗೆ ಸಾಯುವ ಜೀವಕ್ಕೆ ಆ ಹೆಸರು ಸುಳ್ಳಾಗುತ್ತಿತ್ತು.

ನಿಯಮದ ಪ್ರಕಾರ ಮೂಲ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಇಲ್ಲವಾದರೆ ಹೆಸರಿಗೆ ಮಾನ್ಯತೆ ಇಲ್ಲ. ಭಾರತದಲ್ಲಿ ಒಂದು ಕಡೆ ಸೇರಿತು. ವಿದೇಶದಿಂದ ಮಾತ್ರ, ಆಂಪೂಲ್ ಎಂಬ ಮುಚ್ಚಿದ ಗಾಜಿನ ಕೊಳವೆ ಒಡೆದು ಬಿತ್ತಿದರೂ ಏನೂ ಬೆಳೆಯಲಿಲ್ಲ ಎಂಬ ಪತ್ರ ಬಂತು. ಅರ್ಜಿಯ ಪ್ರತಿ ತೆಗೆದು ನೋಡಿದೆ. ತಾಪಮಾನದ ಕಾಲಂನಲ್ಲಿ, ಅಭ್ಯಾಸಬಲದಿಂದ, ನನ್ನದೇ ಅಕ್ಷರದಲ್ಲಿ 30 ಎಂದಿತ್ತು. 10 ಎಂದು ತಿದ್ದಿ ಇನ್ನೊಂದು ಆಂಪೂಲ್ ಕಳುಹಿಸಿದ್ದೇನೆ.