ಅಸೆಂಬ್ಲಿ ಭಾಷೆಯಲ್ಲಿ ಕನ್ನಡ ತೋರಿಸುವಾಗ ಬಂದ ಕಸ

ಪ್ರೋಗ್ರಾಂ ಓಡಿಸಿದಾಗ ಕನ್ನಡದ ಬದಲು ಕಸ ಬಂದರೆ ಎಲ್ಲರೂ ಹೇಳೋದು ಒಂದೇ ಮಾತು: "ಫಾಂಟ್ ಇಲ್ಲ." ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಚೌಕ ಬರುತ್ತದೆ. ವಿಂಡೋಸ್ 8ರಿಂದ ಈಚೆಗೆ ಕನ್ನಡಕ್ಕೆ ನಿರ್ಮಲಾ ಯುಐ ಫಾಂಟ್ ಇದೆ, ಅದಕ್ಕೂ ಮೊದಲು ತುಂಗಾ ಇತ್ತು. ಬೇರೆ ಥರದ ಕಸ ಬಂದರೆ ನಾನು ಬೈಟ್‌ಗಳನ್ನೇ, ಅಂದರೆ ಅಕ್ಷರಗಳ ಬದಲು ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆಗಳನ್ನೇ, ಅನುಮಾನಿಸುತ್ತೇನೆ. ಯಾವ ಥರದ ಕಸ ಅನ್ನೋದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ.

ದಾವಣಗೆರೆಯ ಒಂದು ಪ್ರೆಸ್‌ಗೆ ಲೇಬಲ್ ತೋರಿಸುವ ಪುಟ್ಟ ಪ್ರೋಗ್ರಾಂ ಮಾಡುತ್ತಿದ್ದೆ. ಬರೆದದ್ದು ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್ ಆದೇಶಗಳನ್ನೇ ನೇರ ಬರೆಯುವ ಭಾಷೆಯಲ್ಲಿ. ಅದನ್ನು ಯಂತ್ರಭಾಷೆ ಮಾಡಲು ನಾಸ್ಮ್ ಅಸೆಂಬ್ಲರ್, ಓಡಿಸಲು 64 ಬಿಟ್ ವಿಂಡೋಸ್. ಇಂಥ ಕೆಲಸಕ್ಕೆ ಅಸೆಂಬ್ಲಿ ಯಾಕೆ ಅಂತ ಕೇಳಬೇಡಿ, ಅದು ನನ್ನ ಹುಚ್ಚು.

ಕಿಟಕಿ, ಸಂದೇಶ ತೋರಿಸುವ ಫಂಕ್ಷನ್‌ಗಳಿರುವ ವಿಂಡೋಸ್ ಫೈಲು ಯೂಸರ್32 ಡಿಎಲ್‌ಎಲ್. ಅದರೊಳಗೆ ಬರೀ 'ಮೆಸೇಜ್‌ಬಾಕ್ಸ್' ಅನ್ನೋ ಫಂಕ್ಷನ್ ಇಲ್ಲ. ಕೊನೆಗೆ 'ಎ' ಇರುವುದೊಂದು, 'ಡಬ್ಲ್ಯೂ' ಇರುವುದೊಂದು. ಮೊದಲನೆಯದು ಆನ್ಸಿ, ಅಂದರೆ ಬೇರೆ ಬೇರೆ ಭಾಷೆಗೆ ಬೇರೆ ಬೇರೆ ಕೋಡ್‌ಪೇಜ್ (ಯಾವ ಸಂಖ್ಯೆ ಯಾವ ಅಕ್ಷರ ಅನ್ನೋ ಪಟ್ಟಿ) ಬಳಸುವ ಹಳೇ ಪದ್ಧತಿ. ಎರಡನೆಯದು ಯುಟಿಎಫ್-16, ಅಂದರೆ ಎಲ್ಲ ಭಾಷೆಗೂ ಒಂದೇ ಪಟ್ಟಿಯಾದ ಯುನಿಕೋಡನ್ನು ಎರಡೆರಡು ಬೈಟ್‌ಗಳಲ್ಲಿ ಬರೆಯುವ ರೀತಿ. ಸಿ ಭಾಷೆಯಲ್ಲಿ ಹೆಡರ್ ಫೈಲೇ ಸದ್ದಿಲ್ಲದೆ ಒಂದನ್ನು ಆರಿಸುತ್ತದೆ. ತಪ್ಪು ಥರದ ಪಠ್ಯ ಕೊಟ್ಟರೆ ಕಂಪೈಲರ್ ಗೊಣಗುತ್ತದೆ. ಅಸೆಂಬ್ಲರ್‌ಗೆ ಮಾತ್ರ ಎರಡೂ ಬರೀ ವಿಳಾಸ. ಏನು ಕೊಟ್ಟರೂ ತಗೊಳ್ಳುತ್ತೆ.

ಪರೀಕ್ಷೆಗೆ ಇಟ್ಟುಕೊಂಡ ಪದ 'ದಾವಣಗೆರೆ'. ನಮಗೆ 5 ಅಕ್ಷರ. ಯುನಿಕೋಡ್‌ಗೆ 8 ಸಂಕೇತ, ಯಾಕಂದ್ರೆ ದೀರ್ಘ ಮತ್ತು ಎತ್ವಗಳನ್ನು ಅದು ಬೇರೆ ಲೆಕ್ಕ ಹಾಕುತ್ತದೆ. ಯುಟಿಎಫ್-16ರಲ್ಲಿ 16 ಬೈಟ್. ಕನ್ನಡದ ಸಂಕೇತಕ್ಕೆ ಮೂರು ಬೈಟ್ ಹಿಡಿಯುವ ಇನ್ನೊಂದು ರೀತಿ ಯುಟಿಎಫ್-8ರಲ್ಲಿ 24.

ಮೊದಲು ಬಂದದ್ದು ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2, ಕೆಲವೆಡೆ 3. ಇಂಥ ಜೋಡಿ ಮತ್ತೆ ಮತ್ತೆ. ಇದು ಯುಟಿಎಫ್-8 ಪಠ್ಯ 'ಎ' ಫಂಕ್ಷನ್‌ಗೆ ಹೋದ ಲಕ್ಷಣ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಇ0 ಬಿ2 ಅಥವಾ ಇ0 ಬಿ3 ಅನ್ನೋ ಎರಡು ಬೈಟ್‌ಗಳಿಂದ (ಹದಿನಾರರ ಲೆಕ್ಕದ ಸಂಖ್ಯೆಗಳು) ಶುರುವಾಗುತ್ತದೆ. ಇಂಗ್ಲಿಷ್ ವಿಂಡೋಸ್‌ನ ಕೋಡ್‌ಪೇಜ್ 1252 ಅದನ್ನು ಹಾಗೆ ಓದುತ್ತದೆ. ಸೋರ್ಸ್ ಫೈಲ್ ಯುಟಿಎಫ್-8ರಲ್ಲಿತ್ತು, ಪಠ್ಯದ ಮುಂದೆ 'ಡಿಬಿ' (ಬೈಟ್‌ಗಳಾಗಿ ಇಡು ಅನ್ನೋ ಆದೇಶ) ಅಂತ ಬರೆದಿದ್ದೆ. ನಾಸ್ಮ್ ಇದ್ದದ್ದನ್ನು ಇದ್ದ ಹಾಗೇ ಇಟ್ಟಿತ್ತು, ಅಷ್ಟೇ.

ಯುಟಿಎಫ್-16 ಪಠ್ಯವನ್ನು 'ಎ'ಗೆ ಕೊಟ್ಟಾಗ ಆಗೋದು ಇನ್ನೂ ಮಜಾ. ಇಂಗ್ಲಿಷ್ ಪದವಾದರೆ ಮೊದಲ ಅಕ್ಷರ ಮಾತ್ರ ಕಾಣುತ್ತದೆ, ಎರಡನೇ ಬೈಟೇ ಸೊನ್ನೆ ಅಲ್ವಾ? ಕನ್ನಡದಲ್ಲಿ ಹಾಗೆ ತುಂಡಾಗೋದಿಲ್ಲ. ಇಲ್ಲಿ ಎರಡನೇ ಬೈಟ್ 0ಸಿ. ಹಾಗಾಗಿ ಪದ ಕೊನೆತನಕ ಓಡುತ್ತದೆ: ಮುಕ್ಕಾಲಿನ ಗುರುತು, ಪೌಂಡ್ ಗುರುತು, ಡಿಗ್ರಿ ಗುರುತು. ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳುವ 'ಒಂದೇ ಅಕ್ಷರ ಬಂತು' ಅನ್ನೋ ಲಕ್ಷಣವನ್ನೇ ಕಾಯುತ್ತಾ ಕೂತರೆ ನಮಗೆ ಸಿಗೋದಿಲ್ಲ. ಇದರ ಉಲ್ಟಾ, ಸಾದಾ ಇಂಗ್ಲಿಷ್ ಪಠ್ಯ 'ಡಬ್ಲ್ಯೂ'ಗೆ ಹೋದರೆ, ಚೀನೀ ಅಕ್ಷರಗಳು ಬರುತ್ತವೆ. ಎರಡೆರಡು ಬೈಟ್ ಸೇರಿ ಒಂದೊಂದು ಅಕ್ಷರ.

ಇವೆಲ್ಲದರಲ್ಲೂ ಬೈಟ್‌ಗಳು ಸುರಕ್ಷಿತವಾಗಿವೆ. ಹೆದರಬೇಕಾದ್ದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗೆ. ಯುನಿಕೋಡನ್ನು ಯಾರೋ ಆನ್ಸಿಗೆ ಇಳಿಸಿದ್ದಾರೆ, ಮೂಲ ಹೋಗಿದೆ ಅಂತ ಅರ್ಥ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜೇ ಇಲ್ಲ. 57008 ಅಂತ ಇಸ್ಕಿ (ಭಾರತೀಯ ಲಿಪಿಗಳ ಹಳೇ ಸಂಕೇತ ಪದ್ಧತಿ) ಕನ್ನಡದ್ದೊಂದು ಇದೆ, ಅದು ಪರಿವರ್ತನೆಗೆ ಮಾತ್ರ.

ಕೊನೆಗೆ 'ಎ' ಫಂಕ್ಷನ್‌ಗಳನ್ನೆಲ್ಲ ತೆಗೆದುಹಾಕಿದೆ. ಸ್ಥಿರ ಪಠ್ಯಕ್ಕೆ 'ಡಿಡಬ್ಲ್ಯೂ' (ಎರಡೆರಡು ಬೈಟ್‌ಗಳಾಗಿ ಇಡು) ಜೊತೆ ನಾಸ್ಮ್‌ನ ಯುಟಿಎಫ್-16 ಆಪರೇಟರ್, ಕೊನೆಯಲ್ಲಿ ಎರಡು ಬೈಟ್‌ನ ಸೊನ್ನೆ. ಫೈಲಿನಿಂದ ಬರುವುದಕ್ಕೆ ಯುಟಿಎಫ್-16ಕ್ಕೆ ಬದಲಿಸುವ ಮಲ್ಟಿಬೈಟ್‌ಟುವೈಡ್‌ಚಾರ್ ಫಂಕ್ಷನ್, ಕೋಡ್‌ಪೇಜ್ 65001, ಅಂದರೆ ಯುಟಿಎಫ್-8. ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಂ ಜೊತೆ ಇಡುವ ಮ್ಯಾನಿಫೆಸ್ಟ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಯುಟಿಎಫ್-8 ಕೇಳಿಕೊಂಡು 'ಎ'ಗಳನ್ನೇ ಬಳಸಬಹುದು. ಪ್ರೆಸ್‌ನಲ್ಲಿ ಹಳೇ ಮಷಿನ್ ಜಾಸ್ತಿ, ಬೇಡ ಅನ್ನಿಸಿತು.

ಕನ್ಸೋಲ್‌ನಲ್ಲಿ, ಅಂದರೆ ಬರೀ ಪಠ್ಯ ಕಾಣುವ ಕಪ್ಪು ಪರದೆಯಲ್ಲಿ, ಬರೆಯುವವರಿಗೆ ಒಂದು ಮಾತು. ರೈಟ್‌ಕನ್ಸೋಲ್‌ಡಬ್ಲ್ಯೂ ಕೇಳೋದು ಸಂಕೇತಗಳ ಎಣಿಕೆ, ಬೈಟ್‌ಗಳದ್ದಲ್ಲ. 8ರ ಜಾಗದಲ್ಲಿ 16 ಕೊಟ್ಟರೆ ಪಕ್ಕದ ಡೇಟಾವೂ ಬಂದು ಬೀಳುತ್ತದೆ. ಔಟ್‌ಪುಟ್ ಫೈಲಿಗೆ ತಿರುಗಿಸಿದರೆ ಅದು ವಿಫಲವಾಗುತ್ತದೆ, ಆಗ ರೈಟ್‌ಫೈಲ್ ಬೇಕು. ಇಷ್ಟೆಲ್ಲ ಮಾಡಿದರೂ ಹಳೇ ಕನ್ಸೋಲ್ ನಮ್ಮ ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸೋದಿಲ್ಲ. ನಾನು ಕಿಟಕಿ ತೆರೆದು ಅದರಲ್ಲಿ ಪಠ್ಯ ಬರೆಯುವ ಟೆಕ್ಸ್ಟ್‌ಔಟ್‌ಡಬ್ಲ್ಯೂ ಹಿಡಿದೆ.

ಪ್ರೋಗ್ರಾಂ ತೋರಿಸಿದಾಗ ಪ್ರೆಸ್‌ನವರು ಕೇಳಿದರು: "ಸರ್, ನಮ್ದು ಎಲ್ಲಾ ನುಡೀಲೇ ಐತಲ್ರೀ, ಅದು ಬರ್ತದಾ?"

ಅಲ್ಲಿತ್ತು ನಿಜವಾದ ಕೆಲಸ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ಹಳೇ ನುಡಿ ಫೈಲಿನ ಬೈಟ್‌ಗಳು ಇಂಗ್ಲಿಷ್ ಅಕ್ಷರದ ಜಾಗಗಳಲ್ಲೇ ಕೂತಿವೆ. ಊರ ಹೆಸರು ಅಲ್ಲಿ ಸಣ್ಣ 'ಝಡ್'ನಿಂದ ಶುರುವಾಗುತ್ತದೆ. ಇದನ್ನು ಯಾವ ವಿಂಡೋಸ್ ಫಂಕ್ಷನ್ನೂ ಕನ್ನಡ ಮಾಡಿಕೊಡೋದಿಲ್ಲ. ನಾವೇ ಪಟ್ಟಿ ಬರೆಯಬೇಕು. ಪಟ್ಟಿ ಸುಲಭ, ಅರ್ಕಾವತ್ತು ಕಷ್ಟ. 'ಕರ್ನಾಟಕ'ದಲ್ಲಿ ನುಡಿ ಅರ್ಕಾವತ್ತನ್ನು 'ನಾ' ಆದಮೇಲೆ ಇಡುತ್ತದೆ. ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಹಾಗಾಗಿ ಕೊನೆಯ ಅಕ್ಷರ ಶುರುವಾದ ಜಾಗವನ್ನು ಆರ್12 ಅನ್ನೋ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಇಟ್ಟುಕೊಂಡೆ. ಅರ್ಕಾವತ್ತು ಸಿಕ್ಕಾಗ ಅಲ್ಲಿಂದಾಚೆಗಿನದನ್ನು 4 ಬೈಟ್ ಮುಂದೆ ಸರಿಸಿ 'ರ್' ತೂರಿಸಿದೆ. ಸರಿಸುವಾಗ ಹಿಂದಿನಿಂದ ಬರಬೇಕು, ಅಂದರೆ ಎಸ್‌ಟಿಡಿ ಹಾಕಿ, ನಕಲಿನ ದಿಕ್ಕು ಹೇಳುವ ಡೈರೆಕ್ಷನ್ ಫ್ಲ್ಯಾಗನ್ನು 1 ಮಾಡಿ, ನಕಲಿಗೆ ರೆಪ್ ಮೂವ್‌ಎಸ್‌ಡಬ್ಲ್ಯೂ. ಆಮೇಲೆ ಸಿಎಲ್‌ಡಿ ಹಾಕಿ ಅದನ್ನು ಸೊನ್ನೆ ಮಾಡಲೇಬೇಕು. ಡೈರೆಕ್ಷನ್ ಫ್ಲ್ಯಾಗ್ ಸೊನ್ನೆ ಇರುತ್ತದೆ ಅಂತ ನಂಬಿಕೊಂಡೇ ವಿಂಡೋಸ್ ಕೆಲಸ ಮಾಡುತ್ತದೆ.