ಚಿತ್ರದುರ್ಗದ ಕೋಟೆಗೆ ಒಂದು ದಿನದ ಟ್ರಿಪ್ ಹೋಗೋರಿಗೆ

ಬೆಂಗಳೂರಿನಿಂದ ಸುಮಾರು 200 ಕಿ.ಮೀ. ಬೆಳಗಿನ ಜಾವವೇ ಹೊರಡಿ. ಹತ್ತು ಗಂಟೆ ದಾಟಿದರೆ ಬಂಡೆಗಳು ಕಾದು ಹೆಂಚಾಗುತ್ತವೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಕೊಳ್ಳಿ. ನೀರು ಜಾಸ್ತಿ ಇರಲಿ. ತಿಂಡಿ ಬ್ಯಾಗಿನೊಳಗೇ ಇರಲಿ, ಕೋತಿಗಳ ಕಣ್ಣು ಅದರ ಮೇಲೇ!

ಎಲ್ಲರೂ ಓಬವ್ವನ ಕಿಂಡಿ ನೋಡಿ ಫೋಟೋ ತೆಗೆದು ವಾಪಸ್ ಬರುತ್ತಾರೆ. ಪಕ್ಕದಲ್ಲೇ ತಣ್ಣೀರು ದೋಣಿ ಅನ್ನೋ ಪುಟ್ಟ ನೀರಿನ ಹೊಂಡ ಇದೆ, ಬಿಡಬೇಡಿ. ಓಬವ್ವ ನೀರಿಗೆ ಬಂದಿದ್ದು ಅಲ್ಲಿಗೇ ಅಂತಾರೆ. ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳನ್ನೂ ನೋಡಿ. ನನಗಂತೂ ಕಿಂಡಿಗಿಂತ ಅವೇ ಹಿಡಿಸಿದವು. ಹಿಡಿಂಬೇಶ್ವರ ಗುಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಎಲ್ಲ ಸೇರಿ ಮೂರ್ನಾಲ್ಕು ಗಂಟೆ ಬೇಕು. ಮಂಡಿ ನೋವಿನ ಹಿರಿಯರಿದ್ದರೆ ಕೆಳಗಿನ ಬಾಗಿಲುಗಳವರೆಗೆ ಸಾಕು, ಅಲ್ಲಿನ ಗೋಡೆಗಳೇ ಸಾಕಷ್ಟು ಚೆಂದ.