ಭಾನುವಾರ ಮುಗಿದ ಮೇಲೂ ಗೇಟು ತೆರೆದಿರಲಿ

ನಾನು ಪಾಸ್ಟರ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬ. ರಾಯಚೂರು ಜಿಲ್ಲೆಯಲ್ಲಿ ಯಾವ ಸಭೆ ಕರೆದರೂ ಹೋಗುತ್ತೇನೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಇರಲಿ, ಮೆಥಡಿಸ್ಟ್ ಇರಲಿ, ಹತ್ತು ಮನೆಯ ಪೆಂಟೆಕೋಸ್ಟ್ ಸಭೆಯೇ ಇರಲಿ. ಅಲ್ಲಿ ನನ್ನ ಕೆಲಸ ಇಷ್ಟೇ: ಸಭೆಯವರನ್ನು ಕಾಂಪೌಂಡಿನ ಹೊರಗೆ ಕರೆದುಕೊಂಡು ಹೋಗಿ ಅಕ್ಕಪಕ್ಕದ ಓಣಿಯವರ ಜೊತೆ ಕೂರಿಸುವುದು.

ನಮ್ಮ ಕಡೆ ಚರ್ಚು ಹೊಸದೇನಲ್ಲ. ಮುದಗಲ್ಲಿನ ಕ್ರೈಸ್ತ ಮನೆತನಗಳು ಆದಿಲ್‌ಶಾಹಿ ಕಾಲದಿಂದ ಇವೆ. ಬಳ್ಳಾರಿಗೆ ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದರು. ಮೊದಲು ಕನ್ನಡ ಕಲಿತರು, ಶಾಲೆ ತೆರೆದರು, ವರ್ಷಗಟ್ಟಲೆ ಕೂತು ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತಂದರು. ಜನರ ಮಾತು ಕಲಿಯುವುದು ಮೊದಲು, ನಮ್ಮ ಮಾತು ಆಮೇಲೆ. ಈ ಕ್ರಮ ನನಗೆ ತುಂಬಾ ಹಿಡಿಸುತ್ತದೆ. ಈಗ ನೋಡಿದರೆ ಎಷ್ಟೋ ಕಡೆ ಭಾನುವಾರದ ಆರಾಧನೆ ಮುಗಿದ ಕೂಡಲೇ ಗೇಟಿಗೆ ಬೀಗ ಬೀಳುತ್ತದೆ. ಒಳಗೆ ದೊಡ್ಡ ಹಾಲ್, ಫ್ಯಾನು, ಬೆಂಚು, ಬೋರ್‌ವೆಲ್ ಎಲ್ಲಾ ಇವೆ. ವಾರದಲ್ಲಿ ಆರು ದಿನ ಸುಮ್ನೆ ಬಿದ್ದಿರುತ್ತವೆ.

ಹೋದ ಕಡೆಯೆಲ್ಲ ಮೊದಲು ಓಣಿ ಸುತ್ತಿಸುತ್ತೇನೆ. ಇಬ್ಬಿಬ್ಬರ ಜೋಡಿ. ಸ್ತ್ರೀಯರ ಕೂಟದ ಒಬ್ಬ ಹಿರಿಯಮ್ಮ, ಜೊತೆಗೆ ಯುವಕರ ಕೂಟದ ಒಬ್ಬರು. ಕೈಯಲ್ಲಿ ಕರಪತ್ರ ಬೇಡ, ಒಂದು ನೋಟ್‌ಬುಕ್ ಸಾಕು. ಕೇಳಬೇಕಾದ್ದು ಎರಡೇ ಮಾತು. ಈ ಓಣಿಯಲ್ಲಿ ದಿನಾ ಕಾಡುವ ತೊಂದರೆ ಏನು? ಅದಕ್ಕಾಗಿ ಈಗಾಗಲೇ ಯಾರು ಓಡಾಡುತ್ತಿದ್ದಾರೆ? ಎರಡನೇ ಪ್ರಶ್ನೆ ಕೇಳುವುದನ್ನು ಮರೆಯುವವರೇ ಜಾಸ್ತಿ. ಕೇಳಿದರೆ ಆಶಾ ಕಾರ್ಯಕರ್ತೆಯೋ, ಅಂಗನವಾಡಿ ಟೀಚರೋ, ಮಸೀದಿ ಪಕ್ಕದ ಅಂಗಡಿಯವರೋ ಆಗಲೇ ಒಬ್ಬರೇ ಒದ್ದಾಡುತ್ತಿರುವುದು ಗೊತ್ತಾಗುತ್ತದೆ. ಅಂಥವರಿಗೆ ಹೆಗಲು ಕೊಟ್ಟರೆ ಅರ್ಧ ಕೆಲಸ ಆದಂತೆ.

ರಾಯಚೂರಿನ ಒಂದು ಓಣಿಯಲ್ಲಿ ಒಬ್ಬ ತಾಯಿ ಹೇಳಿದ್ದು ನೋಟ್‌ಬುಕ್ಕಿನಲ್ಲಿ ಹಾಗೇ ಇದೆ: ‘ಮಗಳು ಎಸ್ಸೆಸ್ಸೆಲ್ಸಿ ಐತ್ರಿ. ಇರೋದು ಒಂದೇ ಖೋಲಿ. ಅವರಪ್ಪ ಬಂದು ಟಿವಿ ಹಾಕ್ತಾನ. ಎಲ್ಲಿ ಕೂತು ಓದಬೇಕ್ರಿ ಅದು?’ ಬಿಸಿಲು ಏರುವ ಹೊತ್ತಿಗೇ ಪರೀಕ್ಷೆ ಬರುತ್ತದೆ. ತಗಡಿನ ಮನೆ ರಾತ್ರಿಯಾದರೂ ಕಾದೇ ಇರುತ್ತದೆ. ಆ ಓಣಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಚರ್ಚಿನ ಹಾಲ್ ಖಾಲಿ ಇತ್ತು.

ಸಂಜೆ ಮಕ್ಕಳಿಗೆ ಓದಲು ಹಾಲ್ ಬಿಟ್ಟುಕೊಡೋಣ ಎಂದಾಗ ಕಮಿಟಿಯಲ್ಲಿ ಮೊದಲು ಬಂದದ್ದು ಕರೆಂಟ್ ಬಿಲ್ಲಿನ ಮಾತು. ಅದು ಬೇಗ ಬಗೆಹರಿಯಿತು. ಆಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು, ‘ಅಣ್ಣಾರ, ಪ್ರಾರ್ಥನೆ ಇಲ್ಲ, ಬೈಬಲ್ ವಾಕ್ಯ ಇಲ್ಲ ಅಂದ್ರ ಇದು ಸಭೆಯ ಕೆಲಸ ಹ್ಯಾಂಗ ಆಗ್ತದ?’ ಮನಸ್ಸಿಟ್ಟು ಕೇಳಿದ ಪ್ರಶ್ನೆ ಅದು. ನಾನು ಹೇಳಿದೆ: ಯೇಸುಸ್ವಾಮಿ ಹತ್ತು ಜನ ಕುಷ್ಠರೋಗಿಗಳನ್ನು ವಾಸಿಮಾಡಿದರು. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ. ಉಳಿದ ಒಂಬತ್ತು ಜನರಿಗೆ ಕೊಟ್ಟ ಆರೋಗ್ಯವನ್ನು ಸ್ವಾಮಿ ವಾಪಸ್ ಪಡೆಯಲಿಲ್ಲ, ಅಲ್ವಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆ ಬೀಗ ತೆಗೆಯುವ ಜವಾಬ್ದಾರಿ ತಾವೇ ತಗೊಂಡರು.

ಸಹಾಯದ ಜೊತೆ ಧರ್ಮ ಬೆರೆಸಬಾರದು ಎನ್ನುವ ವಿಷಯದಲ್ಲಿ ನಾನು ಗಟ್ಟಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂತು. ಆಮಿಷ, ಬಲವಂತ ಅದರ ಪ್ರಕಾರ ಅಪರಾಧ. ಆ ಕಾಯ್ದೆ ಬರದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು. ಓದಲಿಕ್ಕೆ ಎಂದು ನಂಬಿ ಕಳಿಸಿದ ಮಕ್ಕಳಿಗೆ ಓದು ಮಾತ್ರ. ದೊಡ್ಡವರು ಯಾರಾದರೂ ‘ನೀವು ಯಾಕೆ ಇದನ್ನೆಲ್ಲ ಮಾಡ್ತೀರಿ’ ಎಂದು ತಾವಾಗಿ ಕೇಳಿದರೆ ನನ್ನ ನಂಬಿಕೆಯನ್ನು ಸಂತೋಷದಿಂದ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಆ ಹಕ್ಕನ್ನು ಎಲ್ಲ ಧರ್ಮದವರಿಗೂ ಕೊಟ್ಟಿದೆ. ಆದರೆ ಅನ್ನ, ಔಷಧಿ, ಪುಸ್ತಕ ಕೊಡುವ ಕೈಯಲ್ಲಿ ಷರತ್ತು ಇರಬಾರದು.

ಶುರುಮಾಡುವ ಮುಂಚೆ ಹೆಡ್‌ಮಾಸ್ತರಿಗೆ ಹೇಳಿ ಬಂದೆವು. ಪ್ರತಿ ಮಗುವಿನ ತಂದೆಯದೋ ತಾಯಿಯದೋ ಒಪ್ಪಿಗೆ ಬರೆಸಿಕೊಂಡೆವು. ಹೆಣ್ಣುಮಕ್ಕಳನ್ನು ರಾತ್ರಿ ಮನೆ ಮುಟ್ಟಿಸಲು ಸ್ತ್ರೀಯರ ಕೂಟದಿಂದ ಇಬ್ಬರು ನಿಂತರು. ಆದರೂ ಒಬ್ಬ ತಂದೆಗೆ ಅನುಮಾನ. ದಿನಾ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೂರಲಿ ಎಂದೆ, ಅದು ಅವರ ಹಕ್ಕು. ಅವರು ವೈರಿಂಗ್ ಕೆಲಸದವರು. ಒಂದು ಸಂಜೆ ಸ್ಟೂಲು, ಟೆಸ್ಟರು ತಂದು ಗಡಗಡ ಎನ್ನುತ್ತಿದ್ದ ಫ್ಯಾನನ್ನು ಕೆಳಗಿಳಿಸಿದರು. ಬೇರಿಂಗಿಗೆ ಗ್ರೀಸ್ ಹಚ್ಚಿದರು, ಕಂಡೆನ್ಸರ್ ಬದಲಿಸಿದರು. ದುಡ್ಡು ಕೇಳಿದ್ದಕ್ಕೆ, ‘ಹುಡುಗರ ತಲಿ ಮ್ಯಾಲ ಸದ್ದು ಮಾಡಿದ್ರ ಹ್ಯಾಂಗ ಓದ್ತಾವ್ರಿ’ ಎಂದರು. ಆಮೇಲೆ ಒಬ್ಬ ನಿವೃತ್ತ ಮುಸ್ಲಿಂ ಮೇಷ್ಟ್ರು ತಾವೇ ಬಂದು ಗಣಿತ ಹೇಳಿಕೊಡತೊಡಗಿದರು. ಅಲ್ಲಿಗೆ ಅದು ಚರ್ಚಿನವರ ಕೆಲಸ ಹೋಗಿ ಓಣಿಯ ಕೆಲಸ ಆಯಿತು. ನನಗೆ ಬೇಕಿದ್ದದ್ದು ಅದೇ.

ಹಾಲ್ ಇಲ್ಲದ ಸಣ್ಣ ಸಭೆಗಳೂ ಇವೆ. ಸಿಂಧನೂರು ಕಡೆಯ ಅಂಥ ಒಂದು ಸಭೆ ಕ್ಷಯರೋಗಿಗಳ ಊಟದ ಕೆಲಸ ಹಿಡಿಯಿತು. ಟಿಬಿ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು. ಹೊಟ್ಟೆಗೆ ಸರಿಯಾಗಿ ಇಲ್ಲದವರಿಗೆ ಅದು ಬಲು ಕಷ್ಟ. ಸರಕಾರ ಪೌಷ್ಟಿಕ ಆಹಾರಕ್ಕೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ಮಾಡಿದೆ. ಅದರ ಜೊತೆ 2022ರಿಂದ ನಿಕ್ಷಯ್ ಮಿತ್ರ ಎಂಬ ಏರ್ಪಾಡಿದೆ. ವ್ಯಕ್ತಿಯಾಗಲಿ, ಸಂಸ್ಥೆಯಾಗಲಿ ಹೆಸರು ನೋಂದಾಯಿಸಿ, ಒಪ್ಪಿದ ರೋಗಿಗಳಿಗೆ ಆಹಾರದ ಕಿಟ್ ಕೊಡಬಹುದು. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಹೆಣ್ಣುಮಕ್ಕಳು ಅಲ್ಲೇ ಚಾಪೆ ಹಾಸಿ ಕೂತು ತೊಗರಿಬೇಳೆ, ಶೇಂಗಾ, ಜೋಳ, ಎಣ್ಣೆ ಅಳೆದು ಕಟ್ಟುತ್ತಾರೆ. ಕಿಟ್ ಹೋಗುವುದು ಆರೋಗ್ಯ ಇಲಾಖೆಯ ಸಿಬ್ಬಂದಿ ಕೈಯಿಂದ. ಯಾರ ಮನೆಗೆ ಹೋಯಿತು ಎಂದು ಸಭೆಯಲ್ಲಿ ಯಾರೂ ಕೇಳುವ ಹಾಗಿಲ್ಲ. ಫೋಟೋ ಅಂತೂ ಬೇಡವೇ ಬೇಡ. ಟಿಬಿ ಇದೆ ಎಂದು ಗೊತ್ತಾದರೆ ಮಗಳ ಮದುವೆ ನಿಲ್ಲುವ ಊರು ನಮ್ಮದು. ಕೊಡುವವರ ಹೆಸರು ಮುಖ್ಯವೋ, ಆ ಮನೆಯ ಮಾನ ಮುಖ್ಯವೋ?

ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆ ಮಾತು ಬೇರೆ. ಅಲ್ಲಿ ಸಭೆಯವರೇ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಅಂಥ ಕಡೆ ನಾನು ಹೊಸದೇನೂ ಹೇಳುವುದಿಲ್ಲ. ಉಳಿದ ನಾಲ್ಕು ಜನ ದಿನಕ್ಕೊಮ್ಮೆ ಮುದುಕರ ಬಾಗಿಲು ತಟ್ಟಿ ಬರಲಿ, ಪಿಂಚಣಿ ಬರುತ್ತಿದೆಯೇ ನೋಡಲಿ. ಆ ಬಾಗಿಲು ಯಾವ ಜಾತಿಯದು, ಯಾವ ದೇವರದು ಎಂದು ನೋಡದಿದ್ದರೆ ಆಯಿತು.

ದುಡ್ಡಿನ ಲೆಕ್ಕ ಬೇರೆ ಇಡಿಸುತ್ತೇನೆ. ಸಭೆಯವರು ಆದಾಯದ ಹತ್ತನೇ ಒಂದು ಪಾಲೆಂದು ಚರ್ಚಿಗೆ ಕೊಡುವ ದಶಮಾಂಶದ ಜೊತೆ ಕಲಸುವುದಿಲ್ಲ. ಬಂದದ್ದು, ಖರ್ಚಾದದ್ದು ಬರೆದು ಗೇಟಿನ ಪಕ್ಕ ಅಂಟಿಸುತ್ತಾರೆ, ಹೊರಗಿನವರೂ ಓದಲಿ ಎಂದು.

ಪಾಸ್ಟರಿಗೆ ವರ್ಗಾವಣೆ ಆಗುತ್ತದೆ. ಕೆಲಸವೆಲ್ಲ ಅವರೊಬ್ಬರ ತಲೆ ಮೇಲಿದ್ದರೆ ಅವರ ಸಾಮಾನಿನ ಲಾರಿ ಹೊರಟ ದಿನವೇ ಅದೂ ನಿಲ್ಲುತ್ತದೆ. ಅದಕ್ಕೇ ಕೀ ಇಬ್ಬರ ಹತ್ತಿರ, ರಿಜಿಸ್ಟರ್ ಮೂರನೆಯವರ ಹತ್ತಿರ ಇರಬೇಕು ಎನ್ನುತ್ತೇನೆ. ಮಕ್ಕಳು ಓದುವ ಹಾಲ್ ಇರುವ ಆ ಸಭೆಗೆ ಈಗ ಹೊಸ ಪಾಸ್ಟರ್ ಅಯ್ಯನವರು ಬಂದಿದ್ದಾರೆ. ಅವರು ಬಂದ ವಾರ ರಿಜಿಸ್ಟರ್ ತೋರಿಸಿ ಎಲ್ಲ ವಿವರಿಸಿದ್ದು ಆ ವೈರಿಂಗ್ ಕೆಲಸದವರು ಮತ್ತು ಮೇಷ್ಟ್ರು.